ಪೇದೆಯನ್ನು ಹೊರಗೆ ಕಳಿಸಿದ ದಿನ

ಬಂಧಿಸಿದವರನ್ನು ಕೋರ್ಟಿಗೆ ಒಯ್ಯುವ ಮೊದಲು ಪೊಲೀಸರು ಡಾಕ್ಟರಿಗೆ ತೋರಿಸಬೇಕು, ಹಾಗಂತ ಕಾನೂನಿದೆ. ಹುನಗುಂದ ಕಡೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಡಾಕ್ಟರಾಗಿದ್ದಾಗ ಈ ಕಾನೂನಿನ ಬಗ್ಗೆ ನನಗೆ ವಿಪರೀತ ಹೆಮ್ಮೆ. ಅದನ್ನು ಬರೆದವನೇ ನಾನು ಅನ್ನುವಷ್ಟು.

ಒಂದು ಬೆಳಿಗ್ಗೆ ಪೇದೆಯೊಬ್ಬ ಐವತ್ತರ ಆಸುಪಾಸಿನ ಆರೋಪಿಯನ್ನು ಕರೆತಂದ. ಹೊಲದ ಬದುವಿನ ಹೊಡೆದಾಟದ ಕೇಸು. ಒಳಗೆ ಬಂದವನೇ ಪೇದೆ ದೂರು ಶುರು ಮಾಡಿದ.

“ಭಾಳ ನಾಟಕದ ಮನಷ್ಯಾ ಅದಾನ್ರಿ ಸಾಹೇಬ್ರ. ನಿನ್ನಿಯಿಂದ ಕೊಡಗಟ್ಟಲೆ ನೀರು ಕುಡಿಯೂದು, ಜೀಪು ನಿಂದ್ರಸೂದು. ಬರೂ ದಾರ್ಯಾಗ ಒಂದ ಗಿಡಾ ಬಿಟ್ಟಿಲ್ರಿ. ಓಡಿ ಹೋಗಾಕ ನೋಡ್ತಾನ.”

“ನೀವು ಮೊದಲ ಹೊರಗ ನಡೀರಿ. ನಮ್ಮ ಮಾತು ಕೇಳಬಾರದು, ಅಷ್ಟು ದೂರ,” ಎಂದೆ.

ಅವನು ಗೊಣಗುತ್ತ ಹೋದ. ನಾನು ಬಾಗಿಲು ಹಾಕಿ, ಸಿನಿಮಾದ ವಕೀಲನಂತೆ ದನಿ ತಗ್ಗಿಸಿ ಕೇಳಿದೆ: “ಪೊಲೀಸ್ರು ಹೊಡದಾರೇನು? ಹೆದರಬ್ಯಾಡ, ಖರೆ ಹೇಳು.”

“ಇಲ್ರಿ.”

ಅಂಗಿ ಬಿಚ್ಚಿಸಿ ಬೆನ್ನು, ತೊಡೆ, ಅಂಗಾಲು ಎಲ್ಲ ನೋಡಿದೆ. ಒಂದು ಬರೆಯೂ ಇರಲಿಲ್ಲ. ಸುಳ್ಳೇಕೆ, ನನಗೆ ಸ್ವಲ್ಪ ನಿರಾಸೆಯೇ ಆಯಿತು. ‘ಫಿಟ್’ ಎಂದು ಬರೆದು ಸಹಿ ಹಾಕಿ ಪೇದೆಯನ್ನು ಒಳಗೆ ಕರೆದೆ.

ಕಾಗದ ತೆಗೆದುಕೊಂಡರೂ ಅವನು ಕದಲಲಿಲ್ಲ. “ಸಾಹೇಬ್ರ, ಉಚ್ಚಿ ನಿಂದ್ರಾಕ ಒಂದ್ ಗುಳಗಿ ಕೊಟ್ಟ ಬಿಡ್ರಿ. ಇಲ್ಲಿಂದ ಕೋರ್ಟು, ಅಲ್ಲಿಂದ ಬಾಗಲಕೋಟಿ ಜೈಲಿನ ತನಕಾ ಎಷ್ಟ್ ಗಿಡಾ ಅದಾವ ಗೊತ್ತೇನ್ರಿ?”

ಬೈಯಲು ಬಾಯಿ ತೆರೆದವನು ಹಾಗೆಯೇ ನಿಂತೆ. ಕೊಡಗಟ್ಟಲೆ ನೀರು, ದಾರಿಯುದ್ದಕ್ಕೂ ಮೂತ್ರ. ಪೇದೆ ಬಾಗಿಲಲ್ಲೇ ನನಗೆ ಕಾಯಿಲೆಯ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದ. ಆರೋಪಿಯ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಎಷ್ಟಿತ್ತೆಂದರೆ ಅಳತೆ ಮೀರಿ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಜಗಳವಾದ ಮೇಲೆ ಮೂರು ದಿನ ತಲೆ ತಪ್ಪಿಸಿಕೊಂಡು ತಿರುಗಿದ್ದನಂತೆ. ಇನ್ಸುಲಿನ್ ಮನೆಯಲ್ಲೇ ಉಳಿದಿತ್ತು. ಹಾಗೇ ಜೈಲಿಗೆ ಹೋಗಿದ್ದರೆ ಅವನು ಉಳಿಯುವುದು ಕಷ್ಟವಿತ್ತು.

“ಮೊದಲ ಯಾಕ ಹೇಳಲಿಲ್ಲೋ?” ಎಂದು ರೇಗಿದೆ.

“ಹೊಡದಾರೇನ್ ಅಂತ ಕೇಳಿದ್ರಿ. ಹೊಡದಿರಲಿಲ್ರಿ. ಬ್ಯಾರೇ ಏನೂ ಕೇಳಲೇ ಇಲ್ಲಲ್ರಿ ನೀವು.”

ಪೇದೆಯ ಕೈಯಿಂದ ಕಾಗದ ವಾಪಸ್ ಇಸಿದುಕೊಂಡೆ, ಆರೋಪಿಯನ್ನು ವಾರ್ಡಿಗೆ ಸೇರಿಸಿ ಸಲೈನ್ ಹಚ್ಚಿದೆ. ಆಮೇಲೆ ಪೇದೆಗೆ ಕುರ್ಚಿ ಎಳೆದುಕೊಟ್ಟು, ನಿನ್ನೆಯಿಂದ ಏನೇನು ನೋಡಿದಿರಿ, ಮೊದಲಿನಿಂದ ಹೇಳಿ ಎಂದು ಕೇಳಿದೆ.