ಬೇಗಂ ವೇಷದಲ್ಲಿ ನಾನು

ಫೋನಿಗೊಂದು ಕೆಟ್ಟ ಚಾಳಿಯಿದೆ. ನಾವು ಮರೆಯಬೇಕೆಂದುಕೊಂಡದ್ದನ್ನೇ ಹುಡುಕಿ ತೋರಿಸುತ್ತದೆ. ಇವತ್ತು ಬೆಳಗ್ಗೆ ಕಾಫಿ ಕುಡಿಯುವಾಗ ಒಂದು ಚಿತ್ರ ಎದ್ದುಬಂತು: ಜರಿಯ ಮುಸುಕು, ಮೂಗಿಗೆ ನತ್ತು, ಕೂದಲು ತುಂಬಿದ ಮುಂಗೈ. ಗಾಬರಿಯಾಗಬೇಡಿ, ಆ ಬೇಗಂ ನಾನೇ.

ಮೂರು ವರ್ಷದ ಹಿಂದಿನ ಮಾತು. ಮಗಳು ಅನನ್ಯ ಕಾಲೇಜಿನಲ್ಲಿ ನಾನೂರು ವರ್ಷ ಹಳೆಯ ಇಂಗ್ಲಿಷ್ ನಾಟಕಗಳನ್ನು ಓದುತ್ತಿದ್ದಳು. ರಜೆಗೆ ಬಂದಾಗ ಮೇಜಿನ ಮೇಲೆ ಬಿಟ್ಟಿದ್ದ ಒಂದನ್ನು ನಾನೂ ಓದಿದೆ. ಅದರಲ್ಲಿ ಸುಲ್ತಾನನ ಬೇಗಂ ಇಂಗ್ಲಿಷ್ ನಾವಿಕನನ್ನು ಕಂಡದ್ದೇ ತಡ, ನಿಟ್ಟುಸಿರು ಬಿಟ್ಟು, ಧರ್ಮ ಬಿಟ್ಟು, ಒಡವೆ ಸಮೇತ ಹಡಗು ಹತ್ತುತ್ತಾಳೆ. ಅಮೆರಿಕದ ರಾಚೆಸ್ಟರ್ ಹಿಲ್ಸಿನ ನಮ್ಮ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಹೇಳಿ ಮಾಡಿಸಿದ ಕಥೆ ಅನ್ನಿಸಿತು. ನಾವಿಕನನ್ನು ವಿಜಯನಗರದ ವ್ಯಾಪಾರಿ ಮಾಡಿದೆ. ಬೇಗಂಳನ್ನು ಇದ್ದ ಹಾಗೇ ಎತ್ತಿಕೊಂಡೆ. ನಾಟಕಕಾರ ಎನ್ನಿಸಿಕೊಳ್ಳಲು ಅಷ್ಟು ಸಾಕೆಂದು ನನ್ನ ನಂಬಿಕೆ.

ಬೇಗಂ ಪಾತ್ರಕ್ಕೆ ಶಾಹೀನ್ ಇದ್ದರಲ್ಲ. ಗದಗಿನವರು, ಕಾರಿನ ಬ್ರೇಕು ಮಾಡುವ ಕಂಪನಿಯಲ್ಲಿ ಎಂಜಿನಿಯರು. ಆರು ವರ್ಷದಿಂದ ಬಳಗಕ್ಕೆ ಬರುತ್ತಿದ್ದರೂ ನಾವು ಅವರನ್ನು ಬಾಗಿಲಲ್ಲಿ ಊಟದ ಟೋಕನ್ ಕೊಡಲು ಕೂರಿಸಿದ್ದೆವೇ ಹೊರತು ರಂಗಕ್ಕೆ ಕರೆದಿರಲಿಲ್ಲ. ಶಾಲೆಯಲ್ಲಿ ನಾಟಕವಾಡಿ ಬಹುಮಾನ ಗೆದ್ದವರು. ಕರೆದಾಗ ಮುಖ ಅರಳಿತು. ಮದುವೆಯ ಪೋಷಾಕಿದ್ದರೆ ತನ್ನಿ ಎಂದೆ. ನಾಟಕ ಓದುವ ದಿನ ನಮ್ಮ ಮನೆಗೆ ಇಳಕಲ್ ಸೀರೆ ಹಿಡಿದು ಬಂದರು.

"ಇದು ಬೇಗಂಗೆ ಸರಿಹೋಗಲ್ವಲ್ಲ," ಅಂದೆ.

"ಮದುವ್ಯಾಗ ನಮ್ಮ ಅಮ್ಮಿ ಕೊಟ್ಟಿದ್ದು ಇದ ರೀ ಸರ್," ಎಂದು ಅವರು ಹಸ್ತಪ್ರತಿ ಬಿಡಿಸಿದರು. ಎರಡು ಪುಟ ಓದಿ ತಲೆಯೆತ್ತಿದರು. "ಈಕಿಗೆ ಬ್ಯಾರೆ ಕೆಲಸ ಇಲ್ಲೇನ್ರಿ? ಬರೇ ಉಸುರು ಬಿಡತಾಳ. ತಾಯಿ ಇಲ್ಲ, ಗೆಳತಿ ಇಲ್ಲ, ಮಾತೂ ಇಲ್ಲ."

"ಚರಿತ್ರೆನೇ ಹಾಗಿದೆ," ಅಂದೆ. ಚರಿತ್ರೆಯ ಗಂಧಗಾಳಿ ನನಗಿರಲಿಲ್ಲ.

"ಡ್ಯಾಡ್, ದಟ್ಸ್ ನಾಟ್ ಹಿಸ್ಟರಿ," ಎಂದಳು ಸೋಫಾದಲ್ಲಿದ್ದ ಅನನ್ಯ. ಅಂಥ ನಾಟಕ ಬರೆದವರಲ್ಲಿ ಬಹುಪಾಲು ಜನ ಒಬ್ಬ ಮುಸ್ಲಿಂ ಹೆಂಗಸನ್ನೂ ಕಂಡಿರಲಿಲ್ಲವಂತೆ. ಹೆಣ್ಣುಪಾತ್ರ ಆಡುತ್ತಿದ್ದದ್ದೂ ಗಂಡುಗಳೇ ಅಂತೆ. ಅದೇ ಕಾಲದಲ್ಲಿ ತುರ್ಕಿಯ ರಾಜಮಾತೆಯೊಬ್ಬಳು ಇಂಗ್ಲೆಂಡಿನ ರಾಣಿಗೆ ಕಾಗದ ಬರೆದು, ಉಡುಗೊರೆ ಕೊಟ್ಟು ತೆಗೆದುಕೊಂಡು ರಾಜಕಾರಣ ಮಾಡುತ್ತಿದ್ದಳಂತೆ. ಆದರೆ ರಂಗದ ಮೇಲೆ ಮಾತ್ರ ನಿಟ್ಟುಸಿರಿನವಳೇ. ಆ ನಾಟಕಕಾರರಾದರೂ ಕಾಣದೆ ಬರೆದಿದ್ದರು. ನಾನು ಶಾಹೀನ್‌ರನ್ನು ಆರು ವರ್ಷ ಕಂಡೂ ಹಾಗೇ ಬರೆದಿದ್ದೆ.

ಶಾಹೀನ್ ಸೀರೆಯನ್ನು ಮಡಚಿ ಚೀಲಕ್ಕಿಟ್ಟರು. "ನನಗ ಪಾತ್ರ ಮಾಡೋ ಆಸೆ ಭಾಳ ಇತ್ರಿ ಸರ್. ಇದು ಬ್ಯಾಡ."

ಇನ್ನು ಇವರು ಬಳಗದ ಕಡೆ ತಲೆ ಹಾಕುವುದಿಲ್ಲವೆಂದು ನನಗೆ ಭಯವಾಯಿತು. ಟೋಕನ್ ಕೊಡಲು ಬೇರೆ ಯಾರಾದರೂ ಸಿಗುತ್ತಾರೆ, ಅದಲ್ಲ, ಕರೆದು ಅವಮಾನಿಸಿದಂತಾಗಿತ್ತು. "ಬೇರೆ ಯಾವ ಪಾತ್ರ ಬೇಕೋ ತಗೊಳ್ಳಿ," ಎಂದೆ.

"ವ್ಯಾಪಾರಿ," ಅಂದರು, ಒಂದು ಕ್ಷಣವೂ ಯೋಚಿಸದೆ.

ಹಾಗಾದರೆ ಬೇಗಂ ಯಾರು? ಬಳಗದ ಹೆಂಗಸರು ಒಬ್ಬೊಬ್ಬರಾಗಿ ಹಸ್ತಪ್ರತಿ ಓದಿ ಒಬ್ಬೊಬ್ಬರಾಗಿ ಜಾರಿಕೊಂಡರು. ಮಗಳು ನನ್ನನ್ನೇ ನೋಡಿದಳು. ಇಪ್ಪತ್ತು ವರ್ಷದ ಮೀಸೆ ಬೋಳಿಸಬೇಕಾಯಿತು.

ನಲವತ್ತು ನಿಮಿಷ ಮುಸುಕು ಹೊದ್ದು ನಿಂತಿದ್ದೆ. ಶಾಹೀನ್ ರುಮಾಲು ಸುತ್ತಿ, ಗದಗಿನ ಮಾತಿನಲ್ಲಿ ಸುಲ್ತಾನನ ಜೊತೆ ಮುತ್ತಿನ ಚೌಕಾಸಿ ಮಾಡಿದರೆ ಸಭೆ ಬಿದ್ದು ಬಿದ್ದು ನಕ್ಕಿತು. ನನಗೋ ಹೇಳಲು ಒಂದು ಮಾತಿಲ್ಲ, ಮಾಡಲು ಒಂದು ಕೆಲಸವಿಲ್ಲ, ಕಾಲು ಬೇರೆ ಹಿಡಿದುಕೊಂಡಿತ್ತು. ಕೂರಲು ಒಂದು ಮಣೆಯನ್ನಾದರೂ ಬರೆಯಬಾರದಿತ್ತೇ ಎಂದು ನಾಟಕಕಾರನಿಗೆ ಮನಸಾರೆ ಹಿಡಿಶಾಪ ಹಾಕಿದೆ.

ಇವತ್ತು ಮಧ್ಯಾಹ್ನ ಶಾಹೀನ್ ಮನೆಗೆ ಬಂದಿದ್ದರು. ಈ ವರ್ಷದ ನಾಟಕ ಅವರದೇ. ನನ್ನ ಪಾತ್ರ ನಿವೃತ್ತ ಅಂಕಲ್ಲೊಬ್ಬರದು; ಸಿಕ್ಕಸಿಕ್ಕವರಿಗೆಲ್ಲ ತನ್ನ ಕೊಲೆಸ್ಟರಾಲು, ತನ್ನ ಕಾರಿನ ಮೈಲೇಜು ವರದಿ ಮಾಡುತ್ತಾ ತಿರುಗುವವರು. ಓದಿ ಮೈ ಉರಿಯಿತು.

"ನಾವೆಲ್ಲ ಹೀಗೇ ಇರ್ತೀವಾ ಶಾಹೀನ್?"

"ಗೊತ್ತಿಲ್ರಿ ಸರ್. ಅದಕ್ಕ ಮುಗಸೂಕಿಂತ ಮೊದಲ ನಿಮ್ಮನ್ನ ಕೇಳಾಕ ಬಂದೀನಿ," ಎಂದು ಅವರು ಪೆನ್ನು ತೆಗೆದರು.

ಬೇಗಂಳನ್ನು ಬರೆಯುವಾಗ ನಾನು ಯಾರನ್ನೂ ಹೀಗೆ ಕೇಳಿರಲಿಲ್ಲವೆಂದು ನಾಚಿಕೆಯಾಯಿತು. ಎದುರಿಗೆ ಕೂತು, ಕೊಲೆಸ್ಟರಾಲಿನಿಂದಲೇ ಶುರುಮಾಡಿದೆ.