ದಿಂಬಿಗೆ ಕೊಟ್ಟ ಕರೆ

"ನಾನೂ ಕರೆದೆ ತಾನೇ? ಆದ್ರೂ ನಿಮ್ಮಮ್ಮ ಹೋಗಿ ಅವನ ಬೋಟಲ್ಲೇ ಕೂತ್ರಲ್ಲ."

"ಕೂತ್ರೆ ಕೂತ್ಕೊಳ್ಲಿ ಬಿಡಿ. ಅವನೂ ಅಳಿಯನೇ ಅಲ್ವಾ," ಎಂದಳು ಹೆಂಡತಿ, ಒದ್ದೆ ಲೈಫ್ ಜಾಕೆಟ್‌ಗಳನ್ನು ಕಂಬಿಯ ಮೇಲೆ ಒಣಹಾಕುತ್ತ.

ಗಂಡನ ಸಂಕಟವೇ ಅದು. ಅಣೆಕಟ್ಟಿನ ಹಿನ್ನೀರಿನಲ್ಲಿ ಮೀಸೆ ಮೂಡುವ ಮೊದಲೇ ಹುಟ್ಟು ಹಿಡಿದವನು ಅವನು, ಅಂಗೈ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ರಜೆಯ ದಿನ ಜನ ಅವನ ದೋಣಿಗೇ ಸಾಲು ನಿಲ್ಲುತ್ತಿದ್ದರು. ಆಮೇಲೆ ನಾದಿನಿಯನ್ನು ಮದುವೆಯಾಗಿ ಷಡ್ಡಕ ಬಂದ, ಕೆಂಪು ಮೋಟಾರ್ ಬೋಟ್ ತಂದ, ಕಪ್ಪು ಕನ್ನಡಕ ಏರಿಸಿದ, ದಡದವರೆಲ್ಲ ಅವನನ್ನು ಪ್ರೀತಿಯಿಂದ ಬುರ್ರಣ್ಣ ಎನ್ನತೊಡಗಿದರು. ಇಷ್ಟು ವರ್ಷ ಇಲ್ಲೇ ಬೆವರು ಸುರಿಸಿದ ಇವನಿಗೆ ಒಂದು ಅಡ್ಡಹೆಸರೂ ಇರಲಿಲ್ಲ. ಇವನಿಗೆ ಅದಕ್ಕೂ ಹೊಟ್ಟೆಯುರಿ! ಸಾಲದ್ದಕ್ಕೆ ಬುರ್ರಣ್ಣ ಪಕ್ಕದಲ್ಲೇ ಅಲೆ ಎಬ್ಬಿಸಿ ಹಾಯುತ್ತ, ಇವತ್ತೇ ವಾಪಸ್ ಬರ್ತೀರಾ ಷಡ್ಡಕರೇ ಎಂದು ಕೂಗಿ ಹೋಗುವನು.

ಜನ ಹೋದರೆ ಹೋಗಲಿ. ಅತ್ತೆಯನ್ನು ಮಾತ್ರ ಬಿಟ್ಟುಕೊಡಲಾರ. ದೋಣಿಯವನಿಗೆ ಹೆಣ್ಣು ಕೊಡುವುದೇ ಎಂದು ನೆಂಟರೆಲ್ಲ ಮೂಗು ಮುರಿದಾಗ, ಹುಡುಗನ ಮುಖ ಚೆನ್ನಾಗಿದೆ ಎಂದಷ್ಟೇ ಹೇಳಿ ಒಪ್ಪಿದವರು ಅವರು. ಇಡೀ ಆಯಸ್ಸು ಹೊಲಿಗೆ ಮೆಷಿನ್ನಿನ ಮುಂದೆ ಕಳೆದ ಅವರಿಗೆ ಈಗ ಕಿವಿ ಮಂದ, ಮಾತಾಡುವವರ ಮುಖ ನೋಡುತ್ತಿದ್ದರಷ್ಟೇ ಮಾತು ತಿಳಿಯುವುದು.

ಅವರು ಮೊದಲ ಸಲ ಈ ನೀರು ನೋಡಲು ಬರುವ ದಿನವೆಂದು ಅವನು ದೋಣಿ ತೊಳೆದ, ಒರೆಸಿದ, ಹೆಂಡತಿಗೂ ಹೇಳದೆ ಮನೆಯಿಂದ ದಿಂಬು ಹೊತ್ತು ತಂದ. ಅತ್ತೆ ದಡಕ್ಕೆ ಬಂದದ್ದೇ ತಡ, ಎಲ್ಲಿಲ್ಲದ ನಾಚಿಕೆ! ಬಗ್ಗಿ ದಿಂಬು ಸರಿಪಡಿಸುತ್ತ, ನಮ್ಮ ದೋಣಿಗೇ ಬನ್ನಿ ಅತ್ತೆ ಎಂದ. ತಲೆಯೆತ್ತಿದಾಗ ಅವರು ಬುರ್ರಣ್ಣನ ಕೈ ಹಿಡಿದು ಕೆಂಪು ಬೋಟ್ ಹತ್ತುತ್ತಿದ್ದರು.

ಈಗ ಆ ಬೋಟ್ ನಡುನೀರಿನಲ್ಲಿ ಗಿರಕಿ ಹೊಡೆಯುತ್ತಿತ್ತು, ಅತ್ತೆಯ ಸೆರಗು ಪಟಪಟ ಹಾರುತ್ತಿತ್ತು, ಒಮ್ಮೆ ಅವರು ನಕ್ಕಂತೆಯೂ ಕಂಡಿತು. ತನ್ನನ್ನೇ ನೋಡಿ ನಕ್ಕರು ಎಂದು ಇವನು ತೀರ್ಮಾನಿಸಿಬಿಟ್ಟ.

ಬೋಟ್ ದಡ ಸೇರಿತು. ಅತ್ತೆ ಕೆದರಿದ ಕೂದಲು ಸರಿಮಾಡಿಕೊಳ್ಳುತ್ತ ಇಳಿದರು.

"ಚೆನ್ನಾಗಿತ್ತಾ?" ಕೇಳಿದ ಇವನು, ಮುಖ ಊದಿಸಿಕೊಂಡೇ.

"ನೀರು ಚೆನ್ನಾಗಿತ್ತು. ಚಿಕ್ಕ ಅಳಿಯಂದ್ರು ಏನೇನೋ ತೋರಿಸಿ ಹೇಳ್ತಾನೇ ಇದ್ರು, ನಂಗೆ ಕಂಡಿದ್ದು ಅವರ ಕಾಲರ್ ಮಾತ್ರ. ನೀವಂತೂ ಕರೀಲೇ ಇಲ್ಲ."

"ಕರೆದೆ ಅತ್ತೆ. ದಿಂಬು ಇಡ್ತಾ ಕರೆದೆ."

"ದಿಂಬಿಗೆ ಕೇಳಿಸಿರತ್ತೆ," ಎಂದು ಹೆಂಡತಿ ಕಿಸಕ್ಕನೆ ನಕ್ಕಳು.

"ಸರಿಹೋಯ್ತು. ಇಬ್ಬರು ಅಳಿಯಂದ್ರೂ ಸೇರಿ ನಂಗೆ ಬೆನ್ನೇ ತೋರಿಸಿದ್ರಿ."

ಹಾಗೆಂದವರೇ ದಡಕ್ಕೆ ಕಟ್ಟಿದ್ದ ದೋಣಿಗೆ ಇಳಿದು ದಿಂಬಿನ ಮೇಲೆ ಕೂತರು. ಅವನೂ ಅಭ್ಯಾಸಬಲದಿಂದ ತನ್ನ ಜಾಗದಲ್ಲಿ ಕೂತು ಹುಟ್ಟು ಹಿಡಿದ. ಇಬ್ಬರೂ ಎದುರುಬದುರು.

"ಹೀಗೇ ಕೂತು ನಡೆಸ್ತೀರಾ? ಹೋಗೋ ಕಡೆಗೆ ಬೆನ್ನು ಮಾಡಿ, ನಂಗೆ ಮುಖ ಮಾಡಿ?"

"ಹೂಂ ಅತ್ತೆ. ಹುಟ್ಟು ಹಾಕೋದೇ ಹಾಗೆ."

ಅವರು ಅವನ ಮುಖವನ್ನೇ ನೋಡಿದರು, ಹೆಣ್ಣು ಕೊಡುವ ದಿನ ನೋಡಿದ ಹಾಗೆ. ಅಷ್ಟರಲ್ಲಿ ಅತ್ತೆ ಹಿಡಿಯಬೇಕಿದ್ದ ಬಸ್ಸಿನ ಹಾರ್ನ್ ಕೇಳಿಸಿತು. ಮುಂದಿನ ಭಾನುವಾರ ಬರುವೆ, ಮಾತಾಡುವುದು ಬೇಕಾದಷ್ಟಿದೆ, ದಿಂಬು ಇಲ್ಲೇ ಇರಲಿ ಎಂದರು ಅತ್ತೆ.

ಇವನ ಎದೆ ಇನ್ನೇನು ಉಬ್ಬಬೇಕು, ದಡದಿಂದ ಬುರ್ರಣ್ಣನ ದನಿ ಬಂತು. "ಹಾಗಾದ್ರೆ ನಾನೂ ಬರ್ತೀನಿ ಷಡ್ಡಕರೇ."

ಬೇಡ ಎನ್ನಲು ಬಾಯಿ ತೆರೆದವನು ದೋಣಿಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದ.

"ಬಾ, ಭಾನುವಾರ ಬಿಸಿಲಿಳಿದ ಮೇಲೆ ಹೊರಡೋಣ. ನೀನು ಆ ಮುಂದಿನ ಮೂಲೇಲಿ ಕೂತ್ಕೊ, ನನ್ನ ಬೆನ್ನ ಹಿಂದೆ."