ಗದಗಿನ ದಾರಿಯಲ್ಲಿ ತಾಗಿದ ಮೋಟಾರು

ಏಕೀಕರಣದ ಮಾತು ಜೋರಾಗಿದ್ದ ದಿನಗಳವು. ಮುಂಡರಗಿಯಿಂದ ಗದಗಿಗೆ ಎರಡು ಸರ್ವಿಸ್ ಮೋಟಾರು ಓಡುತ್ತಿದ್ದವು. ಒಂದಕ್ಕೆ ನನ್ನ ಗಂಡ ಡ್ರೈವರ್, ಇನ್ನೊಂದಕ್ಕೆ ನನ್ನ ಅಣ್ಣ. ಗದಗಿನ ಸ್ಟೇಷನ್ನು ಮೊದಲು ಮುಟ್ಟಿದವರಿಗೆ ರೈಲಿನಿಂದ ಇಳಿದ ಜನ ಸಿಗುತ್ತಿದ್ದರು. ಹಾಗಾಗಿ ಇಬ್ಬರೂ ಪಂದ್ಯ ಕಟ್ಟಿದಂತೆ ಓಡಿಸುತ್ತಿದ್ದರು.

ಒಂದು ದಿನ ತಿರುವಿನಲ್ಲಿ ಗಂಡ ಅಣ್ಣನನ್ನು ಹಿಂದೆ ಹಾಕಲು ಹೋದರು. ಮೋಟಾರುಗಳು ತಾಗಿ ಅಣ್ಣನದು ಹೊಲಕ್ಕಿಳಿಯಿತು. ಅವನ ಕೈ ಮುರಿಯಿತು.

“ಬೇಕಂತ ಒತ್ತ್ಯಾನ” ಎಂದ ಅಣ್ಣ.

“ನಿಮ್ಮಣ್ಣ ಹಾದಿ ಬಿಡಲಿಲ್ಲ. ನೀ ನನ್ನ ಹಿಂದನ ಕುಂತಿದ್ದಿ, ಖರೆ ಹೇಳು” ಎಂದರು ಗಂಡ.

ತಾಗುವ ಮೊದಲು ಗಂಡ ನಕ್ಕಿದ್ದನ್ನು ನಾನು ಎದುರಿನ ಕನ್ನಡಿಯಲ್ಲಿ ಕಂಡಿದ್ದೆ. ಗೆಲ್ಲುವ ಖುಷಿಗೆ ನಕ್ಕರೋ, ಬೇರೇನಾದರೂ ಮನಸ್ಸಿನಲ್ಲಿತ್ತೋ ತಿಳಿಯಲಿಲ್ಲ.

“ಧೂಳಾಗ ಏನೂ ಕಾಣಲಿಲ್ಲ” ಎಂದುಬಿಟ್ಟೆ.

ಇಬ್ಬರೂ ಅದನ್ನು ನಂಬಲಿಲ್ಲ. ತವರಿಗೆ ಕಾಗದ ಬರೆದರೆ ಗಂಡ, “ಏನ್ ಬರದಿ?” ಎಂದು ಇಸಿದುಕೊಂಡು ಓದುತ್ತಿದ್ದರು. ನಾನೂ ಅವರು ನಕ್ಕಾಗಲೆಲ್ಲ ಕದ್ದು ಮುಖ ನೋಡುತ್ತಿದ್ದೆ.

ಪಂಚಮಿಗೆ ಕರೆದೊಯ್ಯಲು ಅಣ್ಣ ಬಂದ. ಕೈ ಸೊಟ್ಟಗೆ ಕೂಡಿತ್ತು. ಗಂಡನ ಮೋಟಾರು ಹೊರಡಲು ಸಿದ್ಧವಾಗಿತ್ತು.

“ಹತ್ರಿ, ಬಿಟ್ಟ ಬರ್ತೀನಿ” ಎಂದರು ಗಂಡ.

ಅಣ್ಣ ನನ್ನ ಗಂಟನ್ನು ತಾನು ತಂದಿದ್ದ ಎತ್ತಿನ ಚಕ್ಕಡಿಯಲ್ಲಿಟ್ಟ. ನಾನು ಚಕ್ಕಡಿ ಹತ್ತಿದೆ.